ಚುಕ್ಕಿ ಆದ್ಮೇಲಿನ ಸೊನ್ನೆ: ಕ್ಯಾಸಿನಿ ಗಡಿಯಾರ ಓದುವಾಗ ಆದ ಒಂದು ತಪ್ಪು

ಹೋದ ಮಳೆಗಾಲದಲ್ಲಿ ಒಂದು ಶನಿವಾರ ರಾತ್ರಿ ಊಟ ಮುಗಿಸಿ ಕೂತಿದ್ದೆ, ಹುಬ್ಬಳ್ಳಿ ಕಡೆ ಹುಡುಗ ಒಬ್ಬ ಫೋನ್ ಮಾಡಿದ. ಕೊನೇ ವರ್ಷದ ಇಂಜಿನಿಯರಿಂಗ್ ಓದ್ತಾ ಇದ್ದಾನೆ, ಕ್ಯಾಸಿನಿ ನೌಕೆ ಶನಿಗ್ರಹದ ಹತ್ರ ತೆಗೆದ ಫೋಟೋಗಳೆಲ್ಲಾ ನಾಸಾದ ಆರ್ಕೈವ್‌ನಲ್ಲಿ ಯಾರು ಬೇಕಾದ್ರೂ ಇಳಿಸ್ಕೊಳ್ಳೋ ಹಾಗೆ ಇವೆ ಅಲ್ವಾ, ಅದ್ರಲ್ಲಿ ಫೀಬಿ ಅನ್ನೋ ಉಪಗ್ರಹದ ಫೋಟೋಗಳನ್ನ ತಗೊಂಡು, ಪ್ರತಿಯೊಂದರ ಮೇಲೂ ಲೆಕ್ಕ ಹಾಕಿ ಅಕ್ಷಾಂಶ ರೇಖಾಂಶದ ಗೆರೆ ಎಳೆದು, ಒಂದಾದ್ಮೇಲೆ ಒಂದು ಓಡಿಸಿ ತೋರಿಸ್ಬೇಕು ಅಂತ ಅವನ ಪ್ರಾಜೆಕ್ಟು. ನಾನು ಕೆಲಸದ ಮೇಲೆ ಬೇರೆ ಸಾಫ್ಟ್‌ವೇರ್ ಬರೀತೀನಿ, ಆದ್ರೆ ಈ ಗ್ರಹಗಳ ಡೇಟಾ ಜೊತೆ ಬಹಳ ವರ್ಷದಿಂದ ಒಡನಾಟ, ಹಾಗಾಗಿ ಏನಾದ್ರೂ ಸಿಕ್ಕಾಕ್ಕೊಂಡ್ರೆ ಕೇಳ್ತಾ ಇರ್ತಾನೆ.

"ಅಣ್ಣಾರ, ಎಲ್ಲಾ ಫ್ರೇಮ್ ಬರಾಬರ್ ಕುಂದರ್ತಾವ್ರಿ, ಆದ್ರ ನಡುನಡುವ ಒಂದೊಂದು ಮಾತ್ರ ಜಿಗೀತೈತ್ರಿ. ಯಾಕಂತ ತಿಳೀವಲ್ದು."

ವಿಡಿಯೋ ಕಳ್ಸು ಅಂದೆ, ಕಳಿಸ್ದ. ಗುಂಡಿಗಳಿರೋ ಬೂದು ಬಣ್ಣದ ನೆಲ, ಅದರ ಮೇಲೆ ಹಸಿರು ಗೆರೆ. ಗೆರೆ ಗುಂಡಿಗಳ ಜೊತೆ ಅಂಟ್ಕೊಂಡೇ ಹೋಗ್ತಾ ಇದೆ, ಇದ್ದಕ್ಕಿದ್ದಂತೆ ಒಂದು ಫ್ರೇಮಲ್ಲಿ ಇಡೀ ಗೆರೆಬಲೆ ಪಕ್ಕಕ್ಕೆ ಹಾರಿ ಮುಂದಿನ ಫ್ರೇಮಲ್ಲಿ ಮತ್ತೆ ವಾಪಸ್. ದೂರದಿಂದ ತೆಗೆದ ಫ್ರೇಮುಗಳಲ್ಲಿ ಏನೂ ಇಲ್ಲ. ಹತ್ರ ಬಂದ ಹಾಗೆ ಹಾರಾಟ ಜಾಸ್ತಿ, ಅದೂ ಎಲ್ಲಾ ಫ್ರೇಮಲ್ಲಿ ಅಲ್ಲ.

ಈ ಪ್ರಕರಣವನ್ನ ಪೂರ್ತಿ ಬರೆದಿಡ್ಬೇಕು ಅಂತ ಅನ್ಸಿದ್ದು ಯಾಕಂದ್ರೆ ಕಾರಣ ಸಿಕ್ಕಿದ್ದು ಈ ಲೆಕ್ಕಗಳನ್ನ ಹಾಕೋ ಸ್ಪೈಸ್ ಅನ್ನೋ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಅಲ್ಲ, ಗಣಿತದಲ್ಲಿ ಅಲ್ಲ, ನೌಕೆಯ ಗಡಿಯಾರದ ಓದುವಿಕೆಯನ್ನ ಒಂದು ಸಂಖ್ಯೆ ಅಂತ ಭಾವಿಸಿದ್ದರಲ್ಲಿ. ಅದು ಸಂಖ್ಯೆ ಥರ ಕಾಣತ್ತೆ ಆದ್ರೆ ಸಂಖ್ಯೆ ಅಲ್ಲ. ಇಷ್ಟು ಗೊತ್ತಿದ್ದೂ ನಾನು ಎರಡು ರಾತ್ರಿ ಬೇರೆ ಕಡೆ ಹುಡುಕಿದೆ.

ಮೊದ್ಲು ಹಿನ್ನೆಲೆ ಹೇಳ್ತೀನಿ. ಫೀಬಿ ಶನಿಯಿಂದ ಸುಮಾರು 1.3 ಕೋಟಿ ಕಿಮೀ ದೂರದಲ್ಲಿ ಸುತ್ತೋ ಉಪಗ್ರಹ, ಅಡ್ಡಳತೆ ಸುಮಾರು 213 ಕಿಮೀ. ಅಷ್ಟು ದೂರ ಇರೋದ್ರಿಂದ ಕ್ಯಾಸಿನಿ ಅದರ ಹತ್ರ ಹೋಗಿದ್ದು ಒಂದೇ ಒಂದು ಸಲ, 2004ರ ಜೂನ್ 11ಕ್ಕೆ, ಶನಿಯ ಕಕ್ಷೆಗೆ ಸೇರೋಕೆ 19 ದಿನ ಇರುವಾಗ. 2,068 ಕಿಮೀ ದೂರದಲ್ಲಿ ಸೆಕೆಂಡಿಗೆ ಸುಮಾರು 6 ಕಿಮೀ ವೇಗದಲ್ಲಿ ಹಾದು ಹೋಯ್ತು. ನೌಕೆ 1997ರಲ್ಲಿ ಹೊರಟು 2017ರ ಸೆಪ್ಟೆಂಬರ್‌ನಲ್ಲಿ ಶನಿಯ ವಾತಾವರಣಕ್ಕೆ ಬಿದ್ದು ಮುಗೀತು, ಫೀಬಿಯನ್ನ ಅಷ್ಟು ಹತ್ರದಿಂದ ಮತ್ತೆ ನೋಡೋ ಅವಕಾಶ ಸಿಗ್ಲೇ ಇಲ್ಲ. ಆ ಫೋಟೋಗಳ ಮೇಲೆ ಇವತ್ತಿಗೂ ಪ್ರೀತಿ ಇರೋದು ಅದಕ್ಕೇ.

ಫೋಟೋ ಮೇಲೆ ಗೆರೆ ಎಳೀಬೇಕು ಅಂದ್ರೆ ಎರಡು ವಿಷಯ ಬೇಕು. ಆ ಕ್ಷಣದಲ್ಲಿ ನೌಕೆ ಎಲ್ಲಿತ್ತು, ಫೀಬಿ ಎಲ್ಲಿತ್ತು ಅನ್ನೋದು ಒಂದು, ಕ್ಯಾಮೆರಾ ಯಾವ ದಿಕ್ಕಿಗೆ ನೋಡ್ತಾ ಇತ್ತು ಅನ್ನೋದು ಇನ್ನೊಂದು. ಎರಡನ್ನೂ ನಾಸಾದ ಜೆಪಿಎಲ್ ಪ್ರಯೋಗಾಲಯದ ನೈಫ್ ಗುಂಪು ಮಾಡಿರೋ ಆ ಸ್ಪೈಸ್ ಸಾಫ್ಟ್‌ವೇರು ಕೊಡತ್ತೆ, ಡೇಟಾ ಫೈಲುಗಳಿಗೆ ಕರ್ನಲ್ ಅಂತ ಹೆಸರು. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ, ಸ್ಥಾನದ ಕರ್ನಲ್ಲು ಖಗೋಳ ಸಮಯದ ಮೇಲೆ ನಡೆಯತ್ತೆ, ದಿಕ್ಕಿನ ಕರ್ನಲ್ಲು ನೌಕೆಯ ಗಡಿಯಾರದ ಟಿಕ್‌ಗಳ ಮೇಲೆ ನಡೆಯತ್ತೆ. ನೌಕೆ ತನ್ನ ದಿಕ್ಕನ್ನ ಅಳೆದು ತನ್ನದೇ ಗಡಿಯಾರದ ಮುದ್ರೆ ಒತ್ತಿ ಕಳ್ಸತ್ತೆ, ಅದನ್ನ ಹಾಗೇ ಇಟ್ಕೊಂಡಿದ್ದಾರೆ, ಸರಿಯಾದ ನಿರ್ಧಾರ ಅದು. ಹಾಗಾಗಿ ಒಂದೇ ಫೋಟೋಗೆ ಎರಡು ಗಡಿಯಾರ.

ಖಗೋಳ ಸಮಯ ಅಂದ್ರೆ ಸ್ಪೈಸ್‌ನಲ್ಲಿ ಇಟಿ, 2000ನೇ ಇಸವಿ ಜನವರಿ 1ರ ನಡುಮಧ್ಯಾಹ್ನದಿಂದ ಎಷ್ಟು ಸೆಕೆಂಡ್ ಆಯ್ತು ಅನ್ನೋ ಎಣಿಕೆ. ನೈಫ್‌ನವರ ಪಾಠದಲ್ಲಿ ಒಂದು ಉದಾಹರಣೆ ಇದೆ, ಇದೇ ಫೀಬಿ ದಿನದ್ದೇ: 2004 ಜೂನ್ 11, 19:32:00 ಯುಟಿಸಿ, ಅಂದ್ರೆ ಇಡೀ ಜಗತ್ತು ಬಳಸೋ ಮೂಲ ಸಮಯ. ಇದನ್ನ ಕೈಯಲ್ಲೇ ಮಾಡಿ ನೋಡ್ಬಹುದು. 2000 ಜನವರಿ 1ರ ಮಧ್ಯಾಹ್ನದಿಂದ ಆ ದಿನದ ಮಧ್ಯಾಹ್ನದವರೆಗೆ 1623 ದಿನ, 86400ರಿಂದ ಗುಣಿಸಿದ್ರೆ 140227200, ಅದಕ್ಕೆ ಏಳೂವರೆ ಗಂಟೆ ಎರಡು ನಿಮಿಷ ಅಂದ್ರೆ 27120 ಸೇರಿಸಿದ್ರೆ 140254320. ಭೂಮಿಯ ತಿರುಗುವಿಕೆಗೆ ಹೊಂದಿಸೋಕೆ ಯುಟಿಸಿಗೆ ಆಗಾಗ ಸೇರಿಸೋ ಅಧಿಕ ಸೆಕೆಂಡುಗಳ ಲೆಕ್ಕ, ಶುರುವಿನ 10 ಸೆಕೆಂಡೂ ಸೇರಿ, ಆಗ 32 ಇತ್ತು, ಅದರ ಮೇಲೆ ಯಾವಾಗ್ಲೂ ಬದಲಾಗದ 32.184, ಒಟ್ಟು 64.184 ಸೇರಿಸ್ಬೇಕು. ಕೊನೆಗೆ ಭೂಮಿ ಸೂರ್ಯನ ಸುತ್ತ ದೀರ್ಘವೃತ್ತದಲ್ಲಿ ಹೋಗೋದ್ರಿಂದ ಬರೋ ಸಣ್ಣ ಏರಿಳಿತ, ಅದು ಯಾವತ್ತೂ 1.7 ಮಿಲಿಸೆಕೆಂಡ್ ದಾಟಲ್ಲ, ಆ ದಿನ 0.000625. ಒಟ್ಟು 140254384.184625. ಸ್ಪೈಸ್ ಕೊಡೋದೂ ಇದೇ ಉತ್ತರ, ಕೊನೇ ಅಂಕಿವರೆಗೂ. ನಾನು ಮೊದಲ ಸಲ ಇದನ್ನ ಪೇಪರ್ ಮೇಲೆ ಮಾಡಿ ತಾಳೆ ಆದಾಗ ಆದ ಖುಷಿ ಇನ್ನೂ ನೆನಪಿದೆ.

ಇನ್ನು ನೌಕೆಯ ಗಡಿಯಾರ. ಇದನ್ನ ಎಲ್ಲರೂ ಎಸ್‌ಕ್ಲಾಕ್ ಅಂತಾರೆ. ಇದು ನಿಜವಾಗಿ ಗಡಿಯಾರ ಅಲ್ಲ, ಒಂದು ಕೌಂಟರು, ಒಳಗಿರೋ ಆಸಿಲೇಟರ್, ಅಂದ್ರೆ ಒಂದು ಹರಳು, ಮಿಡಿದ ಹಾಗೆ ಎಣಿಸ್ತಾ ಹೋಗತ್ತೆ ಅಷ್ಟೇ. ಅದಕ್ಕೆ ಅಧಿಕ ಸೆಕೆಂಡ್ ಗೊತ್ತಿಲ್ಲ, ತಾರೀಖು ಗೊತ್ತಿಲ್ಲ. ಮೇಲಿನ ಅದೇ ಕ್ಷಣಕ್ಕೆ ಕ್ಯಾಸಿನಿಯ ಎಸ್‌ಕ್ಲಾಕ್ ಓದುವಿಕೆ ಪಾಠದಲ್ಲಿ ಹೀಗೆ ಬರತ್ತೆ: 1/1465674964.105. ಓರೆಗೆರೆಗಿಂತ ಮುಂಚಿನ 1 ಅಂದ್ರೆ ಪಾರ್ಟಿಷನ್ ನಂಬರ್, ಗಡಿಯಾರ ರೀಸೆಟ್ ಆದ್ರೆ ಅಥ್ವಾ ತುಂಬಿ ಮತ್ತೆ ಸೊನ್ನೆಗೆ ಬಂದ್ರೆ ಆ ನಂಬರ್ ಒಂದು ಹೆಚ್ಚತ್ತೆ. ನಡುವಿನ ಹತ್ತಂಕಿ ಹೆಚ್ಚುಕಮ್ಮಿ ಸೆಕೆಂಡುಗಳು. ಚುಕ್ಕಿ ಆದ್ಮೇಲಿನ 105 ಅಂದ್ರೆ ಒಂದು ಸೆಕೆಂಡಿನ 256 ಭಾಗದಲ್ಲಿ 105ನೇ ಭಾಗ. ಅಂದ್ರೆ 0.105 ಸೆಕೆಂಡ್ ಅಲ್ಲ, 0.41 ಸೆಕೆಂಡ್. ಇಂಥ ಒಂದೊಂದು ಭಾಗವೇ ಒಂದು ಟಿಕ್.

ಇದು ನಮಗೆ ಹೊಸದೇನಲ್ಲ. ಕ್ರಿಕೆಟ್ ಸ್ಕೋರಲ್ಲಿ 14.3 ಓವರ್ ಅಂತ ಬರೀತಾರೆ, ಯಾರಾದ್ರೂ ಅದನ್ನ ಹದಿನಾಲ್ಕು ಪಾಯಿಂಟ್ ಮೂರು ಅಂತ ರನ್ ರೇಟ್ ಲೆಕ್ಕಕ್ಕೆ ಹಾಕ್ತಾರಾ? ಹದಿನಾಲ್ಕು ಓವರ್ ಮೂರು ಬಾಲ್, ಅಂದ್ರೆ ಹದಿನಾಲ್ಕೂವರೆ. ಅಲ್ಲಿ ಚುಕ್ಕಿ ಬರೀ ಬೇಲಿ, ಎಡಕ್ಕೆ ಒಂದು ಎಣಿಕೆ ಬಲಕ್ಕೆ ಇನ್ನೊಂದು ಎಣಿಕೆ. ಎಸ್‌ಕ್ಲಾಕ್‌ನಲ್ಲೂ ಅಷ್ಟೇ. ಸ್ಪೈಸ್‌ಗೆ ಚುಕ್ಕಿ ಬದ್ಲು ಕೋಲನ್ ಕೊಟ್ರೂ, ಅಡ್ಡಗೆರೆ ಕೊಟ್ರೂ, ಖಾಲಿ ಜಾಗ ಬಿಟ್ರೂ ನಡೆಯತ್ತೆ, ಎಲ್ಲಾ ಒಂದೇ.

ಈ ಎರಡು ಗಡಿಯಾರಗಳ ನಡುವೆ ಸೇತುವೆ ಅಂದ್ರೆ ಎಸ್‌ಕ್ಲಾಕ್ ಕರ್ನಲ್. ಅದೊಂದು ಟೆಕ್ಸ್ಟ್ ಫೈಲು, ನೋಟ್‌ಪ್ಯಾಡಲ್ಲಿ ತೆಗೆದು ಓದ್ಬಹುದು. ಸಾಲು ಸಾಲಾಗಿ ಮೂರು ಮೂರು ಸಂಖ್ಯೆ: ಇಷ್ಟನೇ ಟಿಕ್ ಆದಾಗ, ಖಗೋಳ ಸಮಯ ಇಷ್ಟಿತ್ತು, ಅಲ್ಲಿಂದ ಮುಂದೆ ಗಡಿಯಾರದ ಒಂದು ಎಣಿಕೆಗೆ ಇಷ್ಟು ಸೆಕೆಂಡ್ ಅನ್ನೋ ದರ. ದರ 1ಕ್ಕೆ ಬಹಳ ಹತ್ರ ಇರತ್ತೆ ಆದ್ರೆ ಸರಿಯಾಗಿ 1 ಅಲ್ಲ, ಹರಳು ಬಿಸಿಯಾದ್ರೆ ತಣ್ಣಗಾದ್ರೆ ವಯಸ್ಸಾದ್ರೆ ಮಿಡಿತ ಬದಲಾಗತ್ತೆ, ಹತ್ತು ಲಕ್ಷದಲ್ಲಿ ಒಂದು ಪಾಲು ವ್ಯತ್ಯಾಸ ಆದ್ರೂ ದಿನಕ್ಕೆ 86 ಮಿಲಿಸೆಕೆಂಡ್ ಸರಿಯತ್ತೆ. ಈ ಸಾಲುಗಳನ್ನ ತಯಾರು ಮಾಡೋದು ಹೇಗೆ ಅಂದ್ರೆ, ನೌಕೆ ಕಳಿಸಿದ ಡೇಟಾದಲ್ಲಿ ಅದರ ಎಣಿಕೆ ಇರತ್ತೆ, ಭೂಮಿಯ ಆಂಟೆನಾಗೆ ಅದು ತಲುಪಿದ ಕ್ಷಣವನ್ನ ಅಟಾಮಿಕ್ ಗಡಿಯಾರ ಬರ್ಕೊಳ್ಳತ್ತೆ, ಅದ್ರಿಂದ ಬೆಳಕು ಬರೋಕೆ ಹಿಡಿದ ಕಾಲ ಕಳೀತಾರೆ. ಆ ಜೂನ್ ತಿಂಗಳಲ್ಲಿ ಶನಿಯಿಂದ ಭೂಮಿಗೆ ಸಿಗ್ನಲ್ ಬರೋಕೆ 84 ನಿಮಿಷ ಹತ್ರ ಹತ್ರ. ಅಷ್ಟು ದೂರದ ಒಂದು ಕೌಂಟರನ್ನ ಮಿಲಿಸೆಕೆಂಡ್ ಮಟ್ಟದಲ್ಲಿ ನಮ್ಮ ಕ್ಯಾಲೆಂಡರಿಗೆ ಕಟ್ಟೋದು ಸಾಮಾನ್ಯ ಕೆಲಸ ಅಲ್ಲ, ಇಪ್ಪತ್ತು ವರ್ಷ ಆ ಸಾಲುಗಳನ್ನ ಸೇರಿಸ್ತಾ ಹೋದವರ ಮೇಲೆ ನನಗೆ ದೊಡ್ಡ ಗೌರವ ಇದೆ.

ಈಗ ಹುಡುಗನ ಕೋಡಿಗೆ ಬರೋಣ. ಮೊದಲ ರಾತ್ರಿ ನನಗೆ ಬಂದ ಮೊದಲ ಅನುಮಾನ ಅಧಿಕ ಸೆಕೆಂಡು. ಪೈಥಾನ್ ಅನ್ನೋ ಪ್ರೋಗ್ರಾಂ ಭಾಷೆಯ ಮಾಮೂಲಿ ತಾರೀಖು ಲೈಬ್ರರಿ ಬಳಸಿ ಸೆಕೆಂಡ್ ಎಣಿಸಿದ್ರೆ 64 ಸೆಕೆಂಡ್ ಹೋಗ್ಬಿಡತ್ತೆ, ಹೊಸಬ್ರು ಎಲ್ರೂ ಒಂದು ಸಲ ಬೀಳೋ ಗುಂಡಿ ಅದು. ಆದ್ರೆ ಆ ತಪ್ಪು ಆಗಿದ್ರೆ ಎಲ್ಲಾ ಫ್ರೇಮೂ ಒಂದೇ ಸಮ ತಪ್ಪಾಗ್ಬೇಕಿತ್ತು. ಇವನು ನೈಫ್0012 ಅನ್ನೋ ಸರಿಯಾದ ಅಧಿಕ ಸೆಕೆಂಡ್ ಕರ್ನಲ್ಲೇ ಹಾಕಿದ್ದ. ಬಿಟ್ಟೆ.

ಎರಡನೇ ಅನುಮಾನ ಎಸ್‌ಕ್ಲಾಕ್ ಕರ್ನಲ್ಲಿನ ಆವೃತ್ತಿ. ಹಳೇದು ಹಾಕಿದ್ರೆ ಮುಂದಿನ ದಿನಗಳಿಗೆ ಅಂದಾಜು ದರದಲ್ಲೇ ಓಡತ್ತೆ, ಜಾರತ್ತೆ. ಅದೂ ಅಲ್ಲ, ಜಾರೋದು ನಿಧಾನಕ್ಕೆ ಆಗೋ ವಿಷ್ಯ, ಒಂದು ಫ್ರೇಮಲ್ಲಿ ಹಾರಿ ಮುಂದಿನದ್ರಲ್ಲಿ ವಾಪಸ್ ಬರಲ್ಲ. ಆಮೇಲೆ ಶಟರ್. ಪ್ರತಿ ಫೋಟೋ ಜೊತೆ ಬರೋ ವಿವರಪಟ್ಟಿ, ಅಂದ್ರೆ ಲೇಬಲ್‌ನಲ್ಲಿ, ಶಟರ್ ತೆಗೆದ ಸಮಯ, ಮುಚ್ಚಿದ ಸಮಯ ಎರಡೂ ಇರತ್ತೆ, ಫೈಲ್ ಹೆಸರಿನಲ್ಲಿರೋ ಹತ್ತಂಕಿಯ ಸಂಖ್ಯೆ ಶಟರ್ ಮುಚ್ಚಿದಾಗಿನ ಎಣಿಕೆ. ಇವನೆಲ್ಲಾದ್ರೂ ಕೆಲವು ಫೋಟೋಗೆ ಅದನ್ನ ತಗೊಂಡಿದ್ದಾನಾ ಅಂತ ನೋಡಿದೆ. ಇಲ್ಲ, ಎಲ್ಲಾ ಕಡೆ ಶುರುವಿನದ್ದೇ.

ನಡುವೆ ಒಂದು ಸಲ ಕೇಳಿದ್ದೆ, "ಚುಕ್ಕಿ ಆದ್ಮೇಲಿನದ್ದು 256ರ ಲೆಕ್ಕ ಅಂತ ಗೊತ್ತಲ್ವಾ, ದಶಮಾಂಶ ಮಾಡಿಲ್ಲ ತಾನೆ?"

"ಗೊತ್ತೈತ್ರಿ ಅಣ್ಣಾರ, ಸ್ಟ್ರಿಂಗ್ ಮಾಡೇ ಸ್ಪೈಸ್‌ಗೆ ಕೊಡಾಕತ್ತೀನಿ. ಪಾಠದಾಗಿನ ಎಕ್ಸಾಂಪಲ್ ಹಾಕಿ ಟೆಸ್ಟೂ ಮಾಡೀನಿ, ಉತ್ತರ ಬರಾಬರ್ ಬರ್ತೈತಿ."

ಸ್ಟ್ರಿಂಗ್ ಅಂದ್ರೆ ಸಂಖ್ಯೆ ಅಲ್ಲ, ಬರೀ ಅಕ್ಷರಗಳ ಸಾಲು. ಟೆಸ್ಟ್ ನಾನೂ ಓಡಿಸ್ದೆ. 1465674964.105 ಕೊಟ್ರೆ 140254384.18 ಬರತ್ತೆ, ಸರಿ. ಅಲ್ಲೇ ನಾನು ತಪ್ಪಿದ್ದು. ಆ ಬಾಗಿಲು ಮುಚ್ಚಿ ಮುಂದೆ ಹೋಗ್ಬಿಟ್ಟೆ.

ಎರಡನೇ ರಾತ್ರಿ ಬೆಳಕಿನ ಕಾಲದ ತಿದ್ದುಪಡಿ, ಕ್ಯಾಮೆರಾ ಕೂಡಿಸಿದ ಕೋನ, ದಿಕ್ಕು ಹುಡುಕುವಾಗ ಸಮಯದಲ್ಲಿ ಬಿಡೋ ಸಡಿಲು, ಒಂದೊಂದೇ ತೆಗೆದು ನೋಡಿದ್ವಿ. ಯಾವುದೂ ಅಲ್ಲ. ಕೊನೆಗೆ ಗೆರೆ ಎಷ್ಟು ಹಾರ್ತಾ ಇದೆ ಅನ್ನೋದನ್ನಾದ್ರೂ ಅರ್ಥ ಮಾಡ್ಕೊಳ್ಳೋಣ ಅಂತ ಪೆನ್ನು ಹಿಡಿದು ಕೂತೆ. ಕ್ಯಾಸಿನಿಯ ಕಿರುಕೋನದ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಅಂದ್ರೆ ಸುಮಾರು 6 ಮೈಕ್ರೋರೇಡಿಯನ್‌ನಷ್ಟು ತೀರಾ ಸಣ್ಣ ಕೋನ, ಇಡೀ ಫ್ರೇಮು 1024 ಪಿಕ್ಸೆಲ್. ನೌಕೆ ಫೀಬಿಯಿಂದ 35,000 ಕಿಮೀ ದೂರ ಇದ್ದಾಗ ಬಹುಪಾಲು ನೇರ ಅದರ ಕಡೆಗೇ ಬರ್ತಾ ಇರತ್ತೆ, ಪಕ್ಕಕ್ಕೆ ಸರಿಯೋದು ಸೆಕೆಂಡಿಗೆ ಎರಡು ಪಿಕ್ಸೆಲ್ ಕೂಡ ಇಲ್ಲ. 5,000 ಕಿಮೀ ಹತ್ರ ಬಂದಾಗ ಅದೇ ಸೆಕೆಂಡಿಗೆ 80 ರಿಂದ 90 ಪಿಕ್ಸೆಲ್. ತೀರಾ ಹತ್ರ ಅಂದ್ರೆ 2,100 ಕಿಮೀ ಆಸುಪಾಸಿನಲ್ಲಿ ಸೆಕೆಂಡಿಗೆ ಹೆಚ್ಚೂ ಕಮ್ಮಿ ಅರ್ಧ ಫ್ರೇಮು. ಅಂದ್ರೆ ಅರ್ಧ ಸೆಕೆಂಡಿನ ತಪ್ಪು ದೂರದಲ್ಲಿ ಒಂದು ಪಿಕ್ಸೆಲ್ ಒಳಗೆ ಅಡಗಿಕೊಳ್ಳತ್ತೆ, ಹತ್ರ ಬಂದಾಗ ಕಣ್ಣಿಗೆ ರಾಚತ್ತೆ. ಹಾರಾಟ ಹತ್ರದ ಫ್ರೇಮಲ್ಲಿ ಮಾತ್ರ ಕಾಣೋದಕ್ಕೆ ಇದೇ ಕಾರಣ ಇರ್ಬೇಕು, ತಪ್ಪು ದೂರದ ಫ್ರೇಮಲ್ಲೂ ಇದೆ, ಕಾಣ್ತಾ ಇಲ್ಲ ಅಷ್ಟೇ ಅಂತ ಆಗ ಹೊಳೀತು.

ಇನ್ನೊಂದು ಅನುಮಾನ ಆಗ್ಲೇ ಹುಟ್ಟಿದ್ದು. ಸ್ಥಾನ ಮತ್ತು ದಿಕ್ಕು ಎರಡಕ್ಕೂ ಒಂದೇ ತಪ್ಪು ಸಮಯ ಕೊಟ್ಟಿದ್ರೆ ಇಷ್ಟು ಹಾರ್ತಾ ಇರ್ಲಿಲ್ಲ. ನೌಕೆ ಗುರಿಯ ಜೊತೆ ತಿರುಗ್ತಾ ಫೋಟೋ ತೆಗೀತಾ ಇದ್ರೆ, ಅರ್ಧ ಸೆಕೆಂಡ್ ಹಿಂದೆ ಹೋದ್ರೆ ಸ್ಥಾನವೂ ಹಿಂದಿನದು ದಿಕ್ಕೂ ಹಿಂದಿನದು, ಒಂದರ ತಪ್ಪನ್ನ ಇನ್ನೊಂದು ಮುಚ್ಚತ್ತೆ. ಇಷ್ಟು ಹಾರ್ತಿದೆ ಅಂದ್ರೆ ಒಂದು ಸರಿ ಇದೆ, ಇನ್ನೊಂದು ತಪ್ಪಿದೆ. ಕೇಳಿದೆ, ಹೌದು. ಸ್ಥಾನಕ್ಕೆ ಲೇಬಲ್‌ನಲ್ಲಿರೋ ಯುಟಿಸಿ ಸಮಯದಿಂದ ಇಟಿ ಮಾಡ್ಕೊಂಡಿದ್ದ, ದಿಕ್ಕಿಗೆ ಲೇಬಲ್‌ನಲ್ಲಿರೋ ಎಸ್‌ಕ್ಲಾಕ್ ತಗೊಂಡು ಟಿಕ್ ಮಾಡ್ಕೊಂಡಿದ್ದ. ಅವನ ಪ್ರಕಾರ ಎರಡೂ ಒಂದೇ ಕ್ಷಣ ತಾನೆ, ಸುಮ್ನೆ ಯಾಕೆ ಬದಲಾಯಿಸೋದು ಅಂತ. ತಪ್ಪು ಅಂತ ಹೇಳೋಕಾಗಲ್ಲ, ಎರಡೂ ಸರಿ ಇದ್ರೆ ಅದೂ ಸರಿಯೇ.

ಮೂರನೇ ರಾತ್ರಿ ಅದನ್ನೇ ಅಳತೆಗೋಲು ಮಾಡ್ಕೊಂಡ್ವಿ. ಪ್ರತಿ ಫೋಟೋಗೆ ಅವನ ಕೋಡು ಸ್ಪೈಸ್‌ಗೆ ನಿಜವಾಗ್ಲೂ ಕೊಡ್ತಾ ಇರೋ ಎಸ್‌ಕ್ಲಾಕ್ ತಗೊಂಡು ಇಟಿ ಮಾಡು, ಯುಟಿಸಿಯಿಂದ ಬಂದ ಇಟಿಯಿಂದ ಅದನ್ನ ಕಳಿ, ಬರೀ ವ್ಯತ್ಯಾಸ ಪಟ್ಟಿ ಮಾಡು ಅಂದೆ. ಹತ್ತರಲ್ಲಿ ಒಂಬತ್ತು ಪಾಲು ಸೊನ್ನೆಗೆ ಅಂಟ್ಕೊಂಡಿದ್ವು. ಮಿಕ್ಕಿದ್ದು ಎಲ್ಲೆಲ್ಲೋ ಚೆದುರಿದ ಹಾಗೆ ಕಾಣ್ತು, ಒಂದಕ್ಕೆ 0.035, ಇನ್ನೊಂದಕ್ಕೆ 0.773, ಮತ್ತೊಂದಕ್ಕೆ 0.387. ಯಾವುದೂ ಒಂದು ಸೆಕೆಂಡ್ ಮುಟ್ಟಿರ್ಲಿಲ್ಲ. ಒಂದು ಸೆಕೆಂಡಿನ ಒಳಗಿನ ತಪ್ಪು ಅಂದ್ರೆ ಚುಕ್ಕಿಯ ಬಲಗಡೆ ಭಾಗದಲ್ಲೇ ಇರ್ಬೇಕು ಅಲ್ವಾ, ಹಾಗಾಗಿ ಲೇಬಲ್‌ನಲ್ಲಿರೋ ಆ ಬಲಗಡೆ ಅಂಕಿಯನ್ನ ಅಡ್ಡಕ್ಕೆ ಇಟ್ಟು ವ್ಯತ್ಯಾಸವನ್ನ ಉದ್ದಕ್ಕೆ ಇಟ್ಟು ಗ್ರಾಫ್ ಎಳಿ ಅಂದೆ.

ಗ್ರಾಫ್ ಬಂತು. ಸೊನ್ನೆಯ ಮೇಲೆ ಮಲಗಿದ ಒಂದು ಸಾಲು ಚುಕ್ಕೆಗಳು, ಅದ್ರಿಂದ ಬೇರೆಯಾಗಿ ಬಲಕ್ಕೆ ಹೋಗ್ತಾ ಹೋಗ್ತಾ ಮೇಲೇರೋ ಇನ್ನೊಂದು ಸಾಲು, ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ಆ ಏರೋ ಸಾಲಿನ ಚುಕ್ಕೆಗಳೆಲ್ಲಾ 10, 20, 30, 110, 240, ಹೀಗೆ. ಎರಡು ಕಡೆ ಮಾತ್ರ ಗೆರೆಗಿಂತ ಒಂದಿಷ್ಟು ಮೇಲೆ ಕೂತಿದ್ವು, 100ರಲ್ಲಿ ಮತ್ತು 200ರಲ್ಲಿ. ಇಬ್ಬರೂ ಫೋನಲ್ಲಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

"ಅಣ್ಣಾರ, ಎಲ್ಲಾ ಸೊನ್ನೆಗೆ ಮುಗಿಯೂ ಅಂಕಿ ಅದಾವಲ್ರಿ."

ಅಷ್ಟೇ. ಅವನ ಕೋಡಲ್ಲಿ ಎರಡು ಹಂತ ಇತ್ತು. ಮೊದಲ ಸ್ಕ್ರಿಪ್ಟು ಲೇಬಲ್‌ಗಳನ್ನ ಓದಿ, ವಿಂಗಡಿಸೋಕೆ ಸುಲಭ ಆಗ್ಲಿ ಅಂತ ಓರೆಗೆರೆ ಹಿಂದಿನ 1 ಕಿತ್ತಾಕಿ, ಮಿಕ್ಕಿದ್ದನ್ನ ಸಿಎಸ್‌ವಿ ಅನ್ನೋ ಪಟ್ಟಿ ರೂಪದ ಟೆಕ್ಸ್ಟ್ ಫೈಲಿಗೆ ಬರೀತಾ ಇತ್ತು. ಎರಡನೇ ಸ್ಕ್ರಿಪ್ಟು ಆ ಫೈಲನ್ನ ಪಾಂಡಾಸ್ ಅನ್ನೋ ಪೈಥಾನ್ ಲೈಬ್ರರಿಯಿಂದ ಓದ್ತಾ ಇತ್ತು. ಪಾಂಡಾಸ್ ನೋಡತ್ತೆ, ಅಂಕಿ, ಚುಕ್ಕಿ, ಅಂಕಿ, ಓ ಇದು ದಶಮಾಂಶ ಸಂಖ್ಯೆ ಅಂತ ತಾನೇ ಫ್ಲೋಟ್ ಮಾಡ್ಕೊಳ್ಳತ್ತೆ, ಯಾರನ್ನೂ ಕೇಳಲ್ಲ. ಆಮೇಲೆ ಹುಡುಗ ಅದನ್ನ ಮತ್ತೆ ಸ್ಟ್ರಿಂಗ್ ಮಾಡಿ ಸ್ಪೈಸ್‌ಗೆ ಕೊಡ್ತಾ ಇದ್ದ. ಸ್ಟ್ರಿಂಗ್ ಕೊಡ್ತಾ ಇದ್ದೀನಿ ಅಂದಿದ್ದು ನಿಜವೇ, ಆದ್ರೆ ನಡುವೆ ಅದು ಒಂದು ಸಲ ಸಂಖ್ಯೆಯಾಗಿ ಬಂದಿತ್ತು.

.105 ಸಂಖ್ಯೆಯಾಗಿ ಹೋಗಿ ಬಂದ್ರೂ .105 ಆಗೇ ಇರತ್ತೆ. .100 ಹೋದ್ರೆ .1 ಆಗಿ ಬರತ್ತೆ, ಸಂಖ್ಯೆ ಅಂತ ನೋಡಿದ್ರೆ ಎರಡೂ ಒಂದೇ ಅಲ್ವಾ. ಸ್ಪೈಸ್‌ಗೆ ಅದು ಸಂಖ್ಯೆ ಅಲ್ಲ, ಚುಕ್ಕಿ ಬರೀ ಬೇಲಿ, ಬೇಲಿ ಆಚೆ 1 ಅಂತಿದೆ, ಹಾಗಾದ್ರೆ ಒಂದು ಟಿಕ್. ನೂರು ಟಿಕ್ ಇದ್ದಿದ್ದು ಒಂದು ಟಿಕ್ ಆಯ್ತು, 99 ಟಿಕ್ ಹೋಯ್ತು, 256ರಿಂದ ಭಾಗಿಸಿದ್ರೆ 0.387 ಸೆಕೆಂಡ್. .110 ಹೋದ್ರೆ .11 ಆಗತ್ತೆ, ಸ್ಪೈಸ್‌ಗೆ ಹನ್ನೊಂದು ಟಿಕ್, ಅಲ್ಲೂ ಹೋಗಿದ್ದು 99, ಅಲ್ಲೂ 0.387. ಅದಕ್ಕೇ 100 ಮತ್ತು 110 ಗ್ರಾಫಲ್ಲಿ ಒಂದೇ ಎತ್ತರದಲ್ಲಿ ಕೂತಿದ್ದು, ನೂರರ ಚುಕ್ಕೆ ಗೆರೆಗಿಂತ ಮೇಲಿದ್ದದ್ದು. 200ಕ್ಕೆ ಎರಡು ಸೊನ್ನೆ ಹೋಗತ್ತೆ, 0.773. 250 ಆಗಿದ್ರೆ 25, 0.879 ಸೆಕೆಂಡ್, ಅದೇ ಅತಿ ದೊಡ್ಡ ತಪ್ಪು. ಎಡಗಡೆ ಸೊನ್ನೆಗೆ ಏನೂ ಆಗಲ್ಲ, .005 ಐದೇ, .000 ಸೊನ್ನೆಯೇ. 0 ಇಂದ 255ರವರೆಗೆ ಈ ತಪ್ಪಿಗೆ ಸಿಕ್ಕಿ ಬೀಳೋ ಅಂಕಿಗಳು 25, ಅಂದ್ರೆ ಹತ್ತರಲ್ಲಿ ಒಂದಕ್ಕಿಂತ ಚೂರು ಕಮ್ಮಿ. ಕಣ್ಣಿಗೆ ಕಂಡಿದ್ದ ಲೆಕ್ಕಕ್ಕೆ ಸರಿಯಾಗಿ ಕೂತ್ಕೊಳ್ತು.

ಟೆಸ್ಟ್ ಯಾಕೆ ಹಿಡೀಲಿಲ್ಲ ಅಂದ್ರೆ ಪಾಠದ ಉದಾಹರಣೆ 105, ಐದಕ್ಕೆ ಮುಗಿಯೋದು. ಅದ್ರ ಜಾಗದಲ್ಲಿ 110 ಇದ್ದಿದ್ರೆ ಮೊದಲ ದಿನಾನೇ ಸಿಗ್ತಾ ಇತ್ತು. ಅದೂ ಅಲ್ದೆ ಟೆಸ್ಟ್ ಮಾಡಿದ್ದು ಸ್ಪೈಸ್ ಕರೆಯೋ ಸಾಲನ್ನ ಮಾತ್ರ, ಸಿಎಸ್‌ವಿಗೆ ಹೋಗಿ ಬರೋ ದಾರಿಯನ್ನ ಅಲ್ಲ. ಸ್ಟ್ರಿಂಗ್ ಅಂತ ಅವನು ಹೇಳಿದಾಗ ಎಲ್ಲಿಂದ ಎಲ್ಲಿವರೆಗೆ ಸ್ಟ್ರಿಂಗ್ ಅಂತ ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ.

ಓರೆಗೆರೆ ಹಿಂದಿನ 1 ಕಿತ್ತಿದ್ದು ನೇರವಾಗಿ ತೊಂದ್ರೆ ಕೊಡ್ಲಿಲ್ಲ, ಪಾರ್ಟಿಷನ್ ಹೇಳ್ದೇ ಇದ್ರೆ ಆ ಎಣಿಕೆ ಮೊದಲು ಎಲ್ಲಿ ಬರತ್ತೋ ಆ ಪಾರ್ಟಿಷನ್ ಅಂತ ಸ್ಪೈಸ್ ತಗೊಳ್ಳತ್ತೆ. ಆದ್ರೆ ಅದು ಇದ್ದಿದ್ರೆ ಪಾಂಡಾಸ್ ಅದನ್ನ ಸಂಖ್ಯೆ ಅಂತ ಅಂದ್ಕೊಳ್ತಾನೇ ಇರ್ಲಿಲ್ಲ, ಓರೆಗೆರೆ ನೋಡಿ ಟೆಕ್ಸ್ಟ್ ಅಂತ ಬಿಡ್ತಿತ್ತು. ಅಂದ್ರೆ ಕಾವಲಿಗಿದ್ದ ಒಂದೇ ಅಕ್ಷರವನ್ನ ನಾವೇ ತೆಗೆದು ಹಾಕಿದ್ವಿ.

ಸರಿ ಮಾಡಿದ್ದು ಹೀಗೆ. ಪಾರ್ಟಿಷನ್ ಸಮೇತ ಇಡೀ ಓದುವಿಕೆ ಟೆಕ್ಸ್ಟ್ ಆಗೇ ಇರ್ಬೇಕು, ಪಾಂಡಾಸ್‌ಗೆ ಆ ಕಾಲಂ ಟೆಕ್ಸ್ಟ್ ಅಂತ ಮೊದಲೇ ಹೇಳ್ಬೇಕು. ಸ್ಪೈಸ್‌ಗೆ ಕೊಡೋ ಮುಂಚೆ ಆಕಾರ ನೋಡ್ಬೇಕು, ಓರೆಗೆರೆ, ಹತ್ತಂಕಿ, ಚುಕ್ಕಿ, ಸರಿಯಾಗಿ ಮೂರಂಕಿ, ಇಲ್ಲಾಂದ್ರೆ ಪ್ರೋಗ್ರಾಂ ಅಲ್ಲೇ ನಿಲ್ಬೇಕು. ಅಲ್ಲಿಂದ ಒಂದೇ ಸಲ ಎಸ್‌ಸಿಎಸ್2ಇ ಫಂಕ್ಷನ್ನಿಂದ ಇಟಿ ಮಾಡ್ಕೊಂಡು ಸ್ಥಾನಕ್ಕೂ ದಿಕ್ಕಿಗೂ ಅದನ್ನೇ ಕೊಡ್ಬೇಕು, ದಿಕ್ಕಿಗೆ ಬೇಕಾದ ಟಿಕ್ ಲೆಕ್ಕವನ್ನ ಸ್ಪೈಸ್ ಒಳಗೇ ಮಾಡ್ಕೊಳ್ಳತ್ತೆ. ಆ ಇಟಿಯನ್ನ ಎಸ್‌ಸಿಇ2ಎಸ್ ಫಂಕ್ಷನ್ನಿಂದ ಮತ್ತೆ ಎಸ್‌ಕ್ಲಾಕ್ ಮಾಡಿ ಲೇಬಲ್‌ನಲ್ಲಿದ್ದ ಅಕ್ಷರಗಳ ಜೊತೆ ತಾಳೆ ನೋಡ್ಬೇಕು, ಜೊತೆಗೆ ಲೇಬಲ್‌ನ ಯುಟಿಸಿ ಜೊತೆ ವ್ಯತ್ಯಾಸ ನೋಡೋ ಆ ಗ್ರಾಫ್ ಯಾವಾಗ್ಲೂ ಓಡ್ತಾ ಇರ್ಬೇಕು. ಒಂದೇ ಇಟಿ ಬಳಸಿದ್ರೆ ಇಂಥ ತಪ್ಪು ಚಿತ್ರದಲ್ಲಿ ಕಾಣೋದು ಕಮ್ಮಿ ಆಗತ್ತೆ ಅಂತ ಮೇಲೆ ಹೇಳಿದ್ನಲ್ಲ, ಹಾಗಾಗಿ ಆ ತಾಳೆ ಇಲ್ದೆ ಬರೀ ಒಂದೇ ಇಟಿ ಮಾಡೋದು ಅಪಾಯ, ತಪ್ಪು ಹೋಗಲ್ಲ, ಅಡಗಿಕೊಳ್ಳತ್ತೆ. ಇದ್ರ ಬಗ್ಗೆ ಹುಡುಗನಿಗೆ ಬಹಳ ಒತ್ತಿ ಹೇಳಿದೆ.

ಬೇರೆ ನೌಕೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ನ್ಯೂ ಹೊರೈಜನ್ಸ್‌ನಲ್ಲಿ ಸೆಕೆಂಡಿನ ಭಾಗ 256ರಲ್ಲಿ ಅಲ್ಲ, 50000ದಲ್ಲಿ. ಗೆಲಿಲಿಯೋ ನೌಕೆದಂತೂ ನಮ್ಮ ಅಜ್ಜಂದಿರ ರೂಪಾಯಿ ಆಣೆ ಪೈ ಲೆಕ್ಕದ ಥರ ನಾಲ್ಕು ಮನೆ, ಮೊದಲ ಮನೆಯ ಒಂದು ಎಣಿಕೆ ಅಂದ್ರೆ 60 ಸೆಕೆಂಡ್ ಮತ್ತು ಮೂರನೇ ಎರಡು ಭಾಗ, ಅದರೊಳಗೆ 91, ಅದರೊಳಗೆ 10, ಅದರೊಳಗೆ 8. ಅಲ್ಲಿ ಫ್ಲೋಟ್ ಮಾಡೋಕೆ ಯಾರಿಗೂ ಮನಸ್ಸು ಬರಲ್ಲ, ಕ್ಯಾಸಿನಿದು ನೋಡೋಕೆ ದಶಮಾಂಶದ ಹಾಗೇ ಇರೋದ್ರಿಂದ ಮೋಸ ಹೋಗ್ತೀವಿ. ಕೌಂಟರನ್ನ ಸಮಯ ಅಂತ ಸಲೀಸಾಗಿ ನಂಬೋದು ಎಷ್ಟು ದುಬಾರಿ ಅನ್ನೋದಕ್ಕೆ ಡೀಪ್ ಇಂಪ್ಯಾಕ್ಟ್ ನೌಕೆ ಇದೆ, 2013ರ ಆಗಸ್ಟ್ 8ರ ನಂತರ ಅದರ ಜೊತೆ ಮಾತು ನಿಂತೋಯ್ತು, ಗಡಿಯಾರದ ಎಣಿಕೆಯ ತೊಂದ್ರೆಯಿಂದ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗಿರ್ಬೇಕು ಅಂತ ತಂಡ ಅಂದಾಜು ಮಾಡ್ತು. 2000ನೇ ಇಸವಿಯ ಮೊದಲ ದಿನದಿಂದ ಸೆಕೆಂಡಿನ ಹತ್ತನೇ ಭಾಗಗಳನ್ನ 32 ಬಿಟ್‌ನಲ್ಲಿ ಎಣಿಸಿದ್ರೆ ಜಾಗ ತುಂಬೋದು 2013ರ ಆಗಸ್ಟ್ 11ಕ್ಕೆ. ನಮ್ಮ ಹಸಿರು ಗೆರೆ ಹಾರಿದ್ದಕ್ಕೂ ಅದಕ್ಕೂ ಹೋಲಿಕೆ ಇಲ್ಲ, ಆದ್ರೆ ಅವತ್ತು ರಾತ್ರಿ ನನಗೆ ಅದೇ ನೆನಪಾಗ್ತಾ ಇತ್ತು.

ಸರಿ ಮಾಡಿದ ಮೇಲೆ ಇಡೀ ಸರಣಿ ಮತ್ತೆ ಓಡಿಸ್ದ. ಗ್ರಾಫಲ್ಲಿ ಒಂದೇ ಸಾಲು, ಸೊನ್ನೆಯ ಮೇಲೆ. ವಿಡಿಯೋದಲ್ಲಿ ಒಂದು ದೊಡ್ಡ ಗುಂಡಿಯ ಅಂಚಿನಲ್ಲಿ ಬೆಳ್ಳಗೆ ಹೊಳೆಯೋ ಜಾಗ ಇದೆ, ರೇಖಾಂಶದ ಗೆರೆ ಅದರ ಬಲತುದಿಯನ್ನ ಮುಟ್ಟಿಕೊಂಡು ಹೋಗತ್ತೆ, ನೌಕೆ ಹಾದು ಹೋದ ಹಾಗೆ ಗುಂಡಿ ದೊಡ್ಡದಾಗಿ, ವಾಲಿ, ಫ್ರೇಮಿನ ಅಂಚಿಗೆ ಸರಿದ್ರೂ ಗೆರೆ ಆ ತುದಿಯನ್ನ ಬಿಡಲ್ಲ. ನಾಲ್ಕೈದು ಸಲ ನೋಡಿದೆ.

ಎರಡು ವಾರ ಬಿಟ್ಟು ಮತ್ತೆ ಮೆಸೇಜ್ ಬಂತು, ಈ ಸಲ ವಾಯೇಜರ್ ಫೋಟೋಗಳಿಗೆ ಕೈ ಹಾಕಿದ್ದ. "ಅಣ್ಣಾರ, ವಾಯೇಜರ್ ಗಡಿಯಾರದಾಗ ಮೂರನೇ ಮನಿಯೊಳಗ ಸೊನ್ನೆನ ಬರೂದಿಲ್ಲಲ್ರಿ, ಡೇಟಾ ತಪ್ಪೈತೇನು?"

ತಪ್ಪಿಲ್ಲ, ಅಲ್ಲಿ ಎಣಿಕೆ ಒಂದರಿಂದ 800ರವರೆಗೆ, ಕರ್ನಲ್ ಫೈಲ್ ತೆಗೆದು, ಎಣಿಕೆ ಎಲ್ಲಿಂದ ಶುರು ಅಂತ ಹೇಳೋ ಆಫ್‌ಸೆಟ್ ಅನ್ನೋ ಸಾಲು ನೋಡು ಅಂತ ಬರೆದೆ.